ಆಫ್ರಿಕಾದ ಮಲಾವಿಯ ಹಳ್ಳಿಯೊಂದಕ್ಕೆ ಗೆಳೆಯರು ಸೇರಿ ಸಹಾಯ ಮಾಡಬೇಕೆಂದಿದ್ದೇವೆ. ಮೊಬೈಲ್ ಕ್ಲಿನಿಕ್ ವ್ಯಾನ್ ಒಳ್ಳೆಯದೋ, ಸಣ್ಣ ಕ್ಲಿನಿಕ್ ಕಟ್ಟಿಸುವುದೋ?

ಎರಡೂ ಬೇಡ. ನಾನು ವ್ಯಾನ್ ಓಡಿಸಿದವನು, ಅದಕ್ಕೇ ಹೇಳ್ತಿದ್ದೇನೆ.

2014ರಲ್ಲಿ ನಾನು ಮಲಾವಿಯ ರಾಜಧಾನಿ ಲಿಲೊಂಗ್ವೆಯಲ್ಲಿ ಒಂದು ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ನಾವು ಕೆಲವರು ದುಡ್ಡು ಹಾಕಿ, ಅನುಮತಿ ತೆಗೆದುಕೊಂಡು, ಸಲಿಮಾ ಜಿಲ್ಲೆಯ ಮಲಾವಿ ಸರೋವರದ ಕಡೆಯ ಹಳ್ಳಿಗಳಿಗೆ ವ್ಯಾನ್ ಶುರು ಮಾಡಿದೆವು. ಒಬ್ಬ ನರ್ಸ್, ಒಬ್ಬ ಕ್ಲಿನಿಕಲ್ ಆಫೀಸರ್ (ಡಾಕ್ಟರ್ ಅಲ್ಲದಿದ್ದರೂ ಚಿಕಿತ್ಸೆ ಕೊಡುವವರು), ಪೆಟ್ಟಿಗೆ ತುಂಬ ಔಷಧಿ. ಪ್ರತಿ ಗುರುವಾರ. ಮಾವಿನ ಮರದ ಕೆಳಗೆ ಬೆಳಿಗ್ಗೆಯೇ ಜನ ಸಾಲು ಕೂತಿರುತ್ತಿದ್ದರು. ಅದನ್ನು ನೋಡಿ ಕೆಲಸ ಚೆನ್ನಾಗಿ ನಡೀತಿದೆ ಅಂದುಕೊಂಡಿದ್ದೆವು.

ಗುರುವಾರ ಅಂತ ಗೊತ್ತುಮಾಡಿದ್ದು ನಾನು.

ಮಳೆಗಾಲದ ಒಂದು ಗುರುವಾರ ಒಬ್ಬ ತಾಯಿ ಎರಡು ವರ್ಷದ ಮಗನನ್ನು ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಂದಳು. ಇಳಿಸಿದಾಗ ಮಗುವಿಗೆ ಫಿಟ್ಸ್ ಬರ್ತಿತ್ತು. ಜ್ವರ ಶುರುವಾಗಿದ್ದು ಭಾನುವಾರ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ನರ್ಸ್ ಕೇಳಿದರೆ ಆಕೆ ಹೇಳಿದ್ದು ಒಂದೇ ಮಾತು: "ಲಚಿನಾಯಿ." ಅಲ್ಲಿನ ಚಿಚೇವಾ ಭಾಷೆಯಲ್ಲಿ ಗುರುವಾರ. ಗುರುವಾರ ಗಾಡಿ ಬರುತ್ತದಲ್ಲ ಅಂತ ಕಾದಿದ್ದಳು.

ನಾವು ಇಲ್ಲದಿದ್ದರೆ ಆಕೆ ಸೋಮವಾರವೇ ಮಗುವನ್ನು ಕಟ್ಟಿಕೊಂಡು ಹೆಲ್ತ್ ಸೆಂಟರಿಗೆ ನಡೆದಿರುತ್ತಿದ್ದಳು. ಚಿಕ್ಕ ಮಕ್ಕಳ ಮಲೇರಿಯಾ ವಾರದ ದಿನ ನೋಡಿಕೊಂಡು ಬರೋದಿಲ್ಲ. ಜ್ವರ ಬಂದ 24 ಗಂಟೆಯೊಳಗೆ ಔಷಧಿ ಶುರುವಾಗಬೇಕು. 15 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಬೇಕಾದ್ದು ಆರು ಮಾತ್ರೆ: ದಿನಕ್ಕೆರಡು, ಮೂರು ದಿನ. ಅಷ್ಟೇ.

ನನ್ನನ್ನು ಇವತ್ತಿಗೂ ಸುಡುವುದು ಇನ್ನೊಂದಿದೆ. ಆ ಹಳ್ಳಿಗೆ ಎರಡು ಕಿ.ಮೀ. ದೂರದಲ್ಲೇ ಒಬ್ಬ ಎಚ್‌ಎಸ್‌ಎ (ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್) ಇದ್ದ. ನಮ್ಮ ಆಶಾ ಕಾರ್ಯಕರ್ತೆಯರ ಥರ, ಆದರೆ ಸರ್ಕಾರದ ಸಂಬಳ ಉಂಟು. 1,000 ಜನಕ್ಕೆ ಒಬ್ಬರು ಇರಬೇಕು ಅನ್ನೋದು ಅಲ್ಲಿನ ಲೆಕ್ಕ. ದೂರದ ಊರುಗಳಲ್ಲಿ 5 ವರ್ಷದೊಳಗಿನ ಮಕ್ಕಳ ಮಲೇರಿಯಾ, ಭೇದಿ, ನ್ಯುಮೋನಿಯಾಗೆ ಅವರೇ ಔಷಧಿ ಕೊಡುತ್ತಾರೆ. ಆಮೇಲೆ ನಾನು ಅವನ ಮನೆಗೆ ಹೋದೆ. ಮರದ ಔಷಧಿ ಪೆಟ್ಟಿಗೆಯ ಬೀಗ ತೆಗೆದು ತೋರಿಸಿದ. ಓಆರ್‌ಎಸ್ ಪೊಟ್ಟಣ ನಾಲ್ಕು, ಝಿಂಕ್ ಒಂದು ಹಾಳೆ. ಮಲೇರಿಯಾ ಮಾತ್ರೆಯ ಖಾನೆ ಖಾಲಿ. ಐದು ವಾರದಿಂದ. ಸೈಕಲ್ಲಿನ ಹಿಂದಿನ ಟೈರ್ ಹರಿದಿತ್ತು, 18 ಕಿ.ಮೀ. ಆಚೆಯ ಹೆಲ್ತ್ ಸೆಂಟರಿಗೆ ಹೋಗಿ ತರೋಕಾಗಿರಲಿಲ್ಲ. ಅದೇ ಮಾತ್ರೆ ತುಂಬಿಕೊಂಡ ನಮ್ಮ ವ್ಯಾನ್ ಪ್ರತಿ ಗುರುವಾರ ಅವನ ಅಂಗಳದ ಮುಂದೆಯೇ ಹೋಗುತ್ತಿತ್ತು. ಒಂದು ದಿನವೂ ನಿಲ್ಲಿಸಿರಲಿಲ್ಲ. ಇಲ್ಲಿ ಈಗಾಗಲೇ ಮಕ್ಕಳನ್ನು ಯಾರು ನೋಡಿಕೊಳ್ತಿದ್ದಾರೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ನಾವು ಬರೋಕೆ ಶುರು ಮಾಡಿದ ಮೇಲೆ, ಔಷಧಿ ಇದ್ದಾಗಲೂ ಜನ ಅವನ ಬಾಗಿಲಿಗೆ ಹೋಗೋದು ಕಡಿಮೆಯಾಗಿತ್ತಂತೆ.

ಮಗು ಬದುಕಿತು. ಬಲಗೈ, ಬಲಗಾಲಿನಲ್ಲಿ ಶಕ್ತಿ ಬರಲಿಲ್ಲ.

ವ್ಯಾನ್ ನಿಲ್ಲಿಸಿದೆವು. ಡೀಸೆಲ್ ದುಡ್ಡಿನಲ್ಲಿ ಜಿಲ್ಲಾ ಕಚೇರಿಯವರ ಜೊತೆ ಮಾತಾಡಿ ಎಚ್‌ಎಸ್‌ಎಗಳಿಗೆ ಟೈರ್, ಟ್ಯೂಬ್, ಚೈನ್ ಕೊಡಿಸಿದೆವು. ಮಳೆಯಲ್ಲಿ ರಸ್ತೆ ಕೆಟ್ಟಾಗ ಔಷಧಿ ಹೊತ್ತು ತರೋಕೆ ಮೋಟಾರ್‌ಸೈಕಲ್ ಬಾಡಿಗೆ ಕೊಟ್ಟೆವು. ಫೋಟೋ ತೆಗೆಯೋಕೆ ಅಲ್ಲಿ ಏನೂ ಇಲ್ಲ. ಕೆಲವು ಗೆಳೆಯರು ಅದಕ್ಕೇ ದುಡ್ಡು ಕೊಡೋದು ಬಿಟ್ಟರು.

ಕಟ್ಟಡದ ಮಾತು ಬಿಡಿ. ಗೋಡೆ ಎದ್ದ ಮೇಲೆ ನರ್ಸಿಗೆ ತಿಂಗಳ ಸಂಬಳ ಯಾರು ಕೊಡ್ತಾರೆ? ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ತಗೊಳ್ಳೋದಿಲ್ಲ. ಬಡವರಿಗೆ ಖರ್ಚಾಗೋದು ದಾರಿಗೆ, ಹೋದ ಮೇಲೆ ಔಷಧಿ ಇಲ್ಲ ಅಂತ ವಾಪಸ್ ಬರೋದಕ್ಕೆ.

ದುಡ್ಡು ಕಳಿಸೋ ಮುಂಚೆ ಆ ಊರಿನ ಎಚ್‌ಎಸ್‌ಎ ಯಾರು, ಪೆಟ್ಟಿಗೆಯಲ್ಲಿ ಇವತ್ತು ಏನಿದೆ ಅಂತ ಕೇಳಿ. ಯಾವ ಜಿಲ್ಲೆ ಅಂತ ಬರೆಯಿರಿ. ಸಲಿಮಾ ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ನಾನೇ ಹೇಳುತ್ತೇನೆ.