19:19:19ರಲ್ಲಿ ಸಾರಜನಕ ಕಡಿಮೆ ಬರುತ್ತಿದೆಯೇ?

ನಮಸ್ಕಾರ. ಪೀಣ್ಯದ ನಿಮ್ಮ ಲ್ಯಾಬಿನಲ್ಲಿ 19:19:19 ಗೊಬ್ಬರದ (ಸಾರಜನಕ, ರಂಜಕ, ಪೊಟ್ಯಾಷ್ ತಲಾ 19%) ಸಾರಜನಕ ಕೆಲ್ಡಾಲ್‌ ವಿಧಾನದಲ್ಲಿ (ಆಮ್ಲದಲ್ಲಿ ಕುದಿಸಿ, ಅಮೋನಿಯಾ ಆಗಿ ಬಟ್ಟಿ ಇಳಿಸಿ ಅಳೆಯುವುದು) ಒಮ್ಮೆ 15.4%, ಒಮ್ಮೆ 16.1% ಬರುತ್ತಿದೆ, ತಪ್ಪು ಗೊಬ್ಬರದ್ದೋ ವಿಧಾನದ್ದೋ ಅಂತ ಕೇಳಿದ್ದೀರಿ. ನನಗೆ ಅನುಮಾನ ವಿಧಾನದ ಮೇಲೇ. ಈ ಗೊಬ್ಬರದಲ್ಲಿ ಯೂರಿಯಾ, ಅಮೋನಿಯಂ ಜೊತೆ ನೈಟ್ರೇಟ್ ಕೂಡ ಇರುತ್ತದೆ. ಮಾಮೂಲಿ ಕೆಲ್ಡಾಲ್ ನೈಟ್ರೇಟನ್ನು ಪೂರ್ತಿ ಹಿಡಿಯುವುದಿಲ್ಲ. ಒಮ್ಮೊಮ್ಮೆ ಒಂದೊಂದು ಅಂಕಿ ಬರುವುದೂ ಅದರಿಂದಲೇ ಇರಬಹುದು.

ಸುಮ್ನೆ ಡೆವಾರ್ಡಾ ಮಿಶ್ರಲೋಹ (ನೈಟ್ರೇಟನ್ನು ಅಮೋನಿಯಾ ಮಾಡುವ ಲೋಹದ ಪುಡಿ) ಹಾಕಿ ಬಟ್ಟಿ ಇಳಿಸಿದರೆ ನೈಟ್ರೇಟ್ ಸಿಗುತ್ತದೆ, ಆದರೆ ಯೂರಿಯಾ ಪೂರ್ತಿ ಬರುವುದಿಲ್ಲ. ಎರಡೂ ಸಿಗಬೇಕೆಂದರೆ, ನೈಟ್ರೇಟನ್ನು ಹಿಡಿದಿಡುವ ಸ್ಯಾಲಿಸಿಲಿಕ್ ಆಮ್ಲ ಕರಗಿಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಸ್ಯಾಂಪಲ್ಲನ್ನು ಅರ್ಧ ಗಂಟೆ ಬಿಡಿ, ಆಗಾಗ ಅಲುಗಾಡಿಸಿ. ಆಮೇಲೆ ಸೋಡಿಯಂ ಥಯೋಸಲ್ಫೇಟ್ ಹಾಕಿ, ನೊರೆ ನಿಲ್ಲುವ ತನಕ ಸಣ್ಣ ಉರಿ, ಮುಂದೆ ಮಾಮೂಲಿ ಕೆಲ್ಡಾಲ್‌ನಂತೆ. ಇಲ್ಲಿ ನೀರು ಶತ್ರು. ಬೆಂಗಳೂರಿನ ಜುಲೈ ಜಿಟಿಜಿಟಿ ಮಳೆಯಲ್ಲಿ ವಾಚ್ ಗ್ಲಾಸ್ ಮೇಲಿನ ಪುಡಿ ತೂಕ ಮಾಡುವಷ್ಟರಲ್ಲೇ ಅಂಟಂಟಾಗುತ್ತದೆ, ಅಲ್ವಾ? ಮುಚ್ಚಳದ ಬಾಟಲಿಯಲ್ಲೇ ತೂಗಿ, ಫ್ಲಾಸ್ಕ್ ಒಣಗಿರಲಿ.

ವಿಧಾನ ಸರಿಯಿದೆಯೇ ಅಂತ ತೋರಿಸಲು ಮೊದಲು ಅಮೋನಿಯಂ ಸಲ್ಫೇಟ್ ಮಾತ್ರ ಬಟ್ಟಿ ಇಳಿಸಿ. ಸಾರಜನಕ 21.2%ರ ಹತ್ತಿರ ಬರದಿದ್ದರೆ ಎಲ್ಲೋ ಸೋರಿಕೆ ಇದೆ. ಆಮೇಲೆ ಶುದ್ಧ ಪೊಟ್ಯಾಸಿಯಂ ನೈಟ್ರೇಟನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ, 13.85% ಬರಬೇಕು. ಕೊನೆಗೆ ತೂಗಿದ ನೈಟ್ರೇಟನ್ನು ನಿಮ್ಮ ಗೊಬ್ಬರಕ್ಕೇ ಸೇರಿಸಿ, ಎಷ್ಟು ವಾಪಸ್ ಬಂತು ನೋಡಿ. ನನ್ನ ಪ್ರಕಾರ ಇದೇ ಮುಖ್ಯ ಪರೀಕ್ಷೆ. ಬೇರೆ ಬೇರೆ ದಿನ, ಬೇರೆ ಬೇರೆಯವರ ಕೈಯಲ್ಲಿ ಮಾಡಿಸಿ. ಬ್ಲ್ಯಾಂಕ್‌ಗೂ (ಸ್ಯಾಂಪಲ್ ಇಲ್ಲದೆ ನಡೆಸುವ ಪರೀಕ್ಷೆ) ಸ್ಯಾಲಿಸಿಲಿಕ್, ಥಯೋಸಲ್ಫೇಟ್ ಹಾಕಲು ಮರೆಯಬೇಡಿ.

ಅಲ್ಲಿವರೆಗೆ ಆ ಬ್ಯಾಚನ್ನು ಫೇಲ್ ಅಂತ ಬರೆಯಬೇಡಿ, ದಯವಿಟ್ಟು. ಪೊಟ್ಯಾಸಿಯಂ ನೈಟ್ರೇಟ್‌ಗೆ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನೋಡೋಣ.