ಹೊಸ ಸಂಶೋಧನೆಗಳಿಂದ ಇನ್ನು 20 ವರ್ಷದಲ್ಲಿ ನಮ್ಮ ಹಳ್ಳಿ ಬದುಕು ಎಷ್ಟು ಬದಲಾಗುತ್ತೆ?

ಪಿಯುಸಿ ಓದುತ್ತಿದ್ದೇನೆ ಅಂತ ಬರೆದಿದ್ದೀರಿ. ಎಐ, ರೋಬೋಟ್, ಮಂಗಳ ಗ್ರಹ ಅಂತ ದಿನಾ ವಿಡಿಯೊ ನೋಡುತ್ತೀರಂತೆ. ಇದರಲ್ಲಿ ನಮ್ಮೂರಿನ ತನಕ ಬರುವುದು ಯಾವುದು, ಸುಮ್ನೆ ಸದ್ದು ಮಾಡಿ ಹೋಗುವುದು ಯಾವುದು ಅನ್ನುವುದು ನಿಮ್ಮ ಪ್ರಶ್ನೆ.

ನಾನು ವಿಜ್ಞಾನಿ ಅಲ್ಲ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ 22 ವರ್ಷದಿಂದ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟುಹೋದ ಪಂಪ್‌ಸೆಟ್ ತರುತ್ತಾರೆ, ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಹೊಸ ತಂತ್ರಜ್ಞಾನ ನನಗೆ ಕಾಣಿಸುವುದು ರಿಪೇರಿಗೆ ಬಂದಾಗ. ಹಾಗಾಗಿ ನನಗೆ ಗೊತ್ತಿರುವ ಒಂದೇ ವಿಷಯ ಹಿಡಿದು ಹೇಳುತ್ತೇನೆ: ಕರೆಂಟು.

ನಾನು ಅಂಗಡಿ ಶುರು ಮಾಡಿದಾಗ ನಮ್ಮ ಕಡೆ ಪಂಪ್‌ಸೆಟ್ ಓಡಿಸಲು ಬೇಕಾದ ತ್ರೀಫೇಸ್ ಕರೆಂಟು ಬಹುಪಾಲು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಹನ್ನೊಂದಕ್ಕೋ ಎರಡಕ್ಕೋ ರೈತ ಎದ್ದು, ಟಾರ್ಚ್ ಹಿಡಿದು, ಬದುವಿನ ಮೇಲೆ ಹಾವು ಹುಳ ನೋಡಿಕೊಂಡು ಹೋಗಿ ಮೋಟರ್ ಹಾಕಬೇಕು. ನಮ್ಮಪ್ಪ ಹಾಗೇ ಹೋಗುತ್ತಿದ್ದರು. ಅವರು ವಾಪಸ್ ಬಂದು ಚಪ್ಪಲಿ ಬಿಡುವ ಸದ್ದು ಕೇಳುವವರೆಗೆ ಅಮ್ಮ ಮಲಗುತ್ತಿರಲಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಜನ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ತಕ್ಷಣ ಅದೇ ಮೋಟರ್ ಚಾಲೂ ಮಾಡುತ್ತದೆ. ಒಬ್ಬ ಹಾಕಿದರೆ ಚೆನ್ನ. ಎಲ್ಲರೂ ಹಾಕಿದಾಗ ಊರಿನ ಅಷ್ಟೂ ಮೋಟರ್ ಒಂದೇ ಸಲ ಕರೆಂಟು ಎಳೆದು ಟಿ.ಸಿ., ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಢಂ ಅನ್ನುತ್ತಿತ್ತು. ಆಮೇಲೆ ಹದಿನೈದು ದಿನ ಯಾರಿಗೂ ನೀರಿಲ್ಲ.

ಅದಾದ ಮೇಲೆ ಮೊಬೈಲ್ ಸ್ಟಾರ್ಟರ್ ಬಂತು. ಒಳಗೆ ಒಂದು ಸಿಮ್ ಇರುತ್ತದೆ. ಮನೆಯಿಂದಲೇ ಕಾಲ್ ಮಾಡಿದರೆ ಮೋಟರ್ ಆನ್, ಇನ್ನೊಂದು ಕಾಲ್‌ಗೆ ಆಫ್. ನಾನು ಮೊದಲು ಕೂರಿಸಿದ್ದು ಒಂದು ಅಗ್ಗದ ಪೀಸು. ಯಾವ ನಂಬರ್‌ನಿಂದ ಕಾಲ್ ಬಂದರೂ ಅದು ಚಾಲೂ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಸಿಮ್‌ಗೆ ಯಾರೋ ಸಾಲ ಬೇಕಾ ಅಂತ ಕೇಳಲು ಫೋನ್ ಮಾಡಿದ್ದಾರೆ. ಬೋರ್‌ನಲ್ಲಿ ನೀರಿರಲಿಲ್ಲ, ಮೋಟರ್ ಒಣ ಓಡಿ ಕಾಯಿಲ್ ಸುಟ್ಟಿತು. ರಿಪೇರಿಗೆ ದುಡ್ಡು ತಗೊಳ್ಳಲಿಲ್ಲ, ಮುಖ ಎಲ್ಲಿತ್ತು ಕೇಳೋಕೆ! ಈಗ ಬರುವ ಪೀಸುಗಳಲ್ಲಿ ನಂಬರ್ ರಿಜಿಸ್ಟರ್ ಮಾಡಬೇಕು, ನೀರಿಲ್ಲದಿದ್ದರೆ ತಾನೇ ನಿಲ್ಲುವ ವ್ಯವಸ್ಥೆಯೂ ಇರುತ್ತದೆ. ಈ ಚಿಕ್ಕ ಡಬ್ಬಿ ನಮ್ಮ ಕಡೆ ಎಷ್ಟು ಜನರ ನಿದ್ದೆ ಉಳಿಸಿದೆ ಅಂದರೆ, ಯಾವ ರೋಬೋಟ್ ವಿಡಿಯೊ ನೋಡಿದರೂ ನನಗೆ ಇದೇ ನೆನಪಾಗುತ್ತದೆ.

ಆದರೆ ದೊಡ್ಡ ಬದಲಾವಣೆ ಅದಲ್ಲ. ಕೆಲವು ವರ್ಷದಿಂದ ನಮ್ಮ ಕಡೆ ತ್ರೀಫೇಸ್ ಹಗಲಲ್ಲೇ ಜಾಸ್ತಿ ಸಿಗುತ್ತಿದೆ. ಕಾರಣ ಸೋಲಾರ್. ಬಿಸಿಲಿನ ಹೊತ್ತಲ್ಲಿ ರಾಜ್ಯದಲ್ಲಿ ಕರೆಂಟು ಹೇರಳವಾಗಿ ಹುಟ್ಟುತ್ತದೆ, ಅದನ್ನು ಆಗಲೇ ಬಳಸಬೇಕು. ಬಳಸಲು ರೈತರ ಪಂಪ್‌ಸೆಟ್‌ಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ಈಗ ಹಿಂದಕ್ಕೆ ಹೋಗೋಣ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಸೆಲ್ ಓಲ್ ಅನ್ನುವವರು ಸಿಲಿಕಾನ್ ತುಂಡೊಂದನ್ನು ಪರೀಕ್ಷೆ ಮಾಡುತ್ತಿದ್ದರು. ಅದರ ನಡುವೆ ಬಿರುಕಿತ್ತು. ನಮ್ಮ ಅಂಗಡಿಯಲ್ಲಾದರೆ ಎಸೆಯುತ್ತಿದ್ದೆವು. ಅದರ ಮೇಲೆ ಬೆಳಕು ಬಿದ್ದಾಗ ಮೀಟರ್ ಮುಳ್ಳು ಅಲ್ಲಾಡಿತು. ಬಿರುಕಿನ ಒಂದು ಕಡೆ ಒಂದು ಬಗೆಯ ಕಲ್ಮಶ, ಇನ್ನೊಂದು ಕಡೆ ಇನ್ನೊಂದು ಬಗೆಯದು. ನೀವು ಪಿಯುಸಿಯಲ್ಲಿ ಓದುವ ಪಿ-ಎನ್ ಜಂಕ್ಷನ್ ಅದೇ. ಅದೇ ಸಂಸ್ಥೆಯಲ್ಲಿ 1954ರಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನುವ ಮೂವರು ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೋಲಾರ್ ಸೆಲ್ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 6 ಮಾತ್ರ ಕರೆಂಟ್ ಆಗುತ್ತಿತ್ತು. ಈಗ ಮಾರ್ಕೆಟ್‌ನಲ್ಲಿ ಸಿಗುವ ಒಳ್ಳೇ ಪ್ಯಾನಲ್‌ನಲ್ಲಿ ಶೇ. 20ಕ್ಕಿಂತ ಜಾಸ್ತಿ.

ಭವಿಷ್ಯ ಬಂದೇಬಿಟ್ಟಿತು ಅಂತ ಆಗ ಪೇಪರ್‌ಗಳಲ್ಲಿ ಸುದ್ದಿಯಾಯಿತು. ಬಂತಾ? ಇಲ್ಲ. ಅಷ್ಟು ದುಬಾರಿ ಸರಕನ್ನು ಭೂಮಿಯ ಮೇಲೆ ಯಾರು ಕೊಳ್ಳುತ್ತಾರೆ? ಕೊಂಡವರು ಆಕಾಶಕ್ಕೆ ಹೋಗುವವರು. 1958ರಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಉಪಗ್ರಹಕ್ಕೆ ಸೋಲಾರ್ ಸೆಲ್ ಹಾಕಿದ್ದರು. ಅದರ ಬ್ಯಾಟರಿ ಬೇಗ ಸತ್ತಿತು, ಸೋಲಾರ್ ಮೇಲೆ ನಡೆಯುತ್ತಿದ್ದ ಟ್ರಾನ್ಸ್‌ಮಿಟರ್ 1964ರವರೆಗೆ ಸಂಕೇತ ಕಳಿಸುತ್ತಲೇ ಇತ್ತು. ಆಮೇಲೂ ದಶಕಗಟ್ಟಲೆ ಸೋಲಾರ್ ಅಂದರೆ ಉಪಗ್ರಹ, ಕ್ಯಾಲ್ಕ್ಯುಲೇಟರ್, ಅಷ್ಟೇ.

ಕಥೆ ತಿರುಗಿದ್ದು ಹೊಸ ಆವಿಷ್ಕಾರದಿಂದ ಅಲ್ಲ, ರೇಟಿನಿಂದ. 2000ದಲ್ಲಿ ಜರ್ಮನಿ ಒಂದು ಕಾನೂನು ಮಾಡಿತು. ಮನೆ ಮೇಲೆ ಸೋಲಾರ್ ಹಾಕಿ ಗ್ರಿಡ್‌ಗೆ ಕರೆಂಟ್ ಕೊಟ್ಟರೆ 20 ವರ್ಷ ನಿಗದಿತ ಒಳ್ಳೇ ಬೆಲೆ ಗ್ಯಾರಂಟಿ. ಗಿರಾಕಿ ಹುಟ್ಟಿಕೊಂಡ. ಗಿರಾಕಿ ಇದ್ದಾನೆ ಅಂತ ಗೊತ್ತಾದ ಮೇಲೆ ಚೀನಾ ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಿತು. ಲೋಕದಲ್ಲಿ ಪ್ಯಾನಲ್ ಉತ್ಪಾದನೆ ಒಟ್ಟಾರೆ ಎರಡು ಪಟ್ಟಾದಾಗಲೆಲ್ಲ ಬೆಲೆ ಸುಮಾರು ಶೇ. 20 ಇಳಿಯುತ್ತಾ ಬಂದಿದೆ. ನಮ್ಮ ದೇಶದಲ್ಲಿ 2010ರ ಸುಮಾರಿಗೆ ಸೋಲಾರ್ ಕರೆಂಟು ಯೂನಿಟ್‌ಗೆ ಹತ್ತು ರೂಪಾಯಿಗಿಂತ ಮೇಲಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ 2.44 ರೂಪಾಯಿಗೆ ಇಳಿಯಿತು. 1954ರ ಸೆಲ್ಲಿನಿಂದ ನಮ್ಮಪ್ಪನ ಹಗಲು ಕರೆಂಟಿಗೆ ಅರವತ್ತು ವರ್ಷದ ಮೇಲೆ ಬೇಕಾಯಿತು.

ಇದು ಸೋಲಾರ್ ಕಥೆ ಮಾತ್ರ ಅಲ್ಲ. ಮ್ಯಾಗ್ನೆಟ್ ಮತ್ತು ತಂತಿಯಿಂದ ಕರೆಂಟು ಹುಟ್ಟಿಸಬಹುದು ಅಂತ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಬಂದಿದ್ದು 1902ರಲ್ಲಿ, ಅದೂ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ 1905ರಲ್ಲಿ. ಹಳ್ಳಿಗಳು ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಅದಕ್ಕೇ ನಾನು ಹೊಸ ಆವಿಷ್ಕಾರದ ಸುದ್ದಿ ಓದಿದಾಗ ಕೇಳುವುದು ಎರಡೇ: ಬೆಲೆ ವರ್ಷ ವರ್ಷ ಇಳಿಯುತ್ತಿದೆಯಾ, ಮತ್ತೆ ಮೊದಲ ಗಿರಾಕಿ ಯಾರು?

ಈಗ ಪಾವಗಡ. ನಮ್ಮ ಜಿಲ್ಲೆಯದೇ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರಿನ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಒಂದು ಜಾಣ ಕೆಲಸ ಆಯಿತು. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕಡ್ಲೆಕಾಯಿ ಬಿತ್ತಿ ಮೋಡ ನೋಡುತ್ತಾ ಕೂರುವ ಸೀಮೆ ಅದು. ಬರಗಾಲದಲ್ಲೂ ತಪ್ಪದೆ ಬರುವ ದುಡ್ಡು ಅಂದರೆ ಸಣ್ಣ ಮಾತಲ್ಲ.

ಒಂದು ಸಲ ಕೆಲಸದ ಮೇಲೆ ಆ ಕಡೆ ಹೋಗಿದ್ದೆ. ಕಣ್ಣು ಹಾಯುವವರೆಗೆ ನೀಲಿ. ಕೆರೆ ತುಂಬಿದೆಯೇನೋ ಅನ್ನಿಸುತ್ತದೆ, ಹತ್ತಿರ ಹೋದರೆ ಗಾಜು. ಟೀ ಅಂಗಡಿಯಲ್ಲಿ ಕೂತಿದ್ದ ಇಬ್ಬರ ಮಾತು ಇನ್ನೂ ನೆನಪಿದೆ. ಒಬ್ಬರಿಗೆ ಹನ್ನೆರಡು ಎಕರೆ ಇತ್ತು, ಗುತ್ತಿಗೆ ದುಡ್ಡಲ್ಲಿ ಮನೆ ಕಟ್ಟಿದ್ದಾರೆ, ಮಗಳು ಬೆಂಗಳೂರಲ್ಲಿ ಓದುತ್ತಿದ್ದಾಳೆ. ಇನ್ನೊಬ್ಬರಿಗೆ ಸ್ವಂತ ಜಮೀನೇ ಇಲ್ಲ. ಮೊದಲು ಕಳೆ ತೆಗೆಯುವುದು, ಕಾಯಿ ಬಿಡಿಸುವುದು, ಅಂಥ ಕೂಲಿ ಸಿಗುತ್ತಿತ್ತು. ಕುರಿ ಮೇಯಿಸಲು ಬಯಲಿತ್ತು. ಈಗ ಎರಡೂ ಬೇಲಿಯ ಒಳಗೆ. ಪ್ಯಾನಲ್ ತೊಳೆಯುವುದು, ಹುಲ್ಲು ಕೀಳುವುದು, ಸೆಕ್ಯುರಿಟಿ, ಇಷ್ಟರಲ್ಲಿ ಕೆಲಸ ಸಿಕ್ಕರೆ ಸಿಕ್ಕಿತು. ಗುತ್ತಿಗೆ ಯಾರ ಹೆಸರಿನಲ್ಲಿ ಪಹಣಿ ಇದೆಯೋ ಅವರಿಗೆ, ಅಲ್ವಾ? ಒಂದೇ ಪ್ಯಾನಲ್, ಒಂದೇ ಬಿಸಿಲು, ಆದರೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರ ಭವಿಷ್ಯ ಬೇರೆ ಬೇರೆ. ಇದಕ್ಕೆ ಸಿಲಿಕಾನ್ ಕಾರಣ ಅಲ್ಲ, ಕರಾರು ಪತ್ರ ಬರೆದ ರೀತಿ ಕಾರಣ.

ಸಂಜೆಯ ಸಮಸ್ಯೆ ಇನ್ನೂ ಇದೆ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕುವ ಹೊತ್ತಿಗೆ ಸೋಲಾರ್ ಸೊನ್ನೆ. ಅದಕ್ಕೆ ಬ್ಯಾಟರಿ ಬೇಕು. ಅದರ ಬೆಲೆಯೂ 2010ಕ್ಕೆ ಹೋಲಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಬಂದಿದೆ. ಹಾಗಾಗಿ ನನ್ನ ಪಂಥ ಬ್ಯಾಟರಿ ಮೇಲೆ. ಇನ್ನೊಂದು ದಾರಿ, ಹಗಲಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಶರಾವತಿಯಲ್ಲಿ 2,000 ಮೆಗಾವ್ಯಾಟ್‌ನ ಅಂಥ ಯೋಜನೆ ಹಾಕಿಕೊಂಡಿದ್ದಾರೆ. ಸಿಂಗಳೀಕ ಇರುವ ಕಾಡು ಅದು, ಜನ ವಿರೋಧಿಸುತ್ತಿದ್ದಾರೆ, ನನಗೂ ಆ ಕಾಡು ಅಗೆಯುವುದು ಸರಿ ಅನ್ನಿಸುವುದಿಲ್ಲ.

ಹೊಸ ಬಗೆಯ ಪ್ಯಾನಲ್‌ಗಳೂ ಬರುತ್ತಿವೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಅನ್ನುವ ವಸ್ತುವಿನ ಪದರ ಹಾಕಿ ಲ್ಯಾಬ್‌ನಲ್ಲಿ ಶೇ. 33 ದಾಟಿಸಿದ್ದಾರೆ. ಆದರೆ ಅದು ತೇವ, ಶಾಖಕ್ಕೆ ಬೇಗ ಹಾಳಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ 25 ವರ್ಷ ನಿಲ್ಲಲಿ, ಆಮೇಲೆ ಮಾತಾಡೋಣ.

ನೀರಿನ ವಿಷಯದಲ್ಲಿ ಮಾತ್ರ ನನಗೆ ಭಯ ಇದೆ. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿದೆ. ಹಗಲು ಕರೆಂಟು, ಮೊಬೈಲ್ ಸ್ಟಾರ್ಟರ್ ಎರಡೂ ಸೇರಿ ನೀರು ಎತ್ತುವುದನ್ನು ಸಲೀಸು ಮಾಡಿವೆ. ತುಂಬಿಸುವುದನ್ನು ಸಲೀಸು ಮಾಡುವ ಯಾವ ಡಬ್ಬಿಯೂ ನನ್ನ ಅಂಗಡಿಗೆ ಬಂದಿಲ್ಲ. ಕೆರೆ ಹೂಳು ಎತ್ತಲು ಇನ್ನೂ ಜೆಸಿಬಿ, ಟ್ರ್ಯಾಕ್ಟರ್, ಊರವರ ಜಗಳ ಇವೇ ಬೇಕು.

ಎಐ ಬಗ್ಗೆ ಕೇಳಿದಿರಿ. ನನ್ನ ಮಗ ಅದನ್ನು ಬಳಸುತ್ತಾನೆ. ಸೋಲಾರ್ ಪಂಪಿನ ಕಂಟ್ರೋಲರ್ ಎರರ್ ಕೋಡ್ ತೋರಿಸಿದರೆ ಅದಕ್ಕೆ ಕೇಳುತ್ತಾನೆ. ಐದರಲ್ಲಿ ಮೂರು ಸಲ ಸರಿ ಹೇಳುತ್ತದೆ, ಉಳಿದ ಎರಡು ಸಲ ಅಷ್ಟೇ ಧೈರ್ಯದಿಂದ ತಪ್ಪು ಹೇಳುತ್ತದೆ. ಮಲ್ಟಿಮೀಟರ್ ಇಟ್ಟು ನೋಡದೆ ನಾವು ಯಾವುದನ್ನೂ ನಂಬುವುದಿಲ್ಲ.

ಕೊನೆಗೆ ಆ ಟೀ ಅಂಗಡಿಯ ಹನ್ನೆರಡು ಎಕರೆ ಯಜಮಾನರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಪ್ಯಾನಲ್‌ನ ಆಯಸ್ಸು ಸುಮಾರು 25 ವರ್ಷ. ಕರಾರು ಮುಗಿದ ದಿನ ಇಷ್ಟು ಗಾಜು, ಕಬ್ಬಿಣ ಎಲ್ಲಿಗೆ ಹೋಗುತ್ತದೆ? 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನಲ್ಲನ್ನೂ ಸೇರಿಸಿದ್ದಾರೆ ಅಂತ ನಾನು ಹೇಳಿದೆ. ಅವರು ತಲೆಯಾಡಿಸಿದರು. "ಅದು ಸರಿ ಕಣಪ್ಪ, ನಮ್ಮ ಬದು ಎಲ್ಲಾ ಸಮ ಮಾಡಿಬಿಟ್ಟವ್ರೆ. ಗಡಿಗೆ ಇದ್ದ ಹುಣಸೆ ಮರಾನೂ ಇಲ್ಲ. ನನ್ನ ಹೊಲ ಎಲ್ಲಿಂದ ಎಲ್ಲಿಗೆ ಅಂತ ನನ್ನ ಮೊಮ್ಮಗನಿಗೆ ಯಾರು ತೋರಿಸ್ತಾರೆ?" ಅಂದರು. ಸರ್ವೆ ನಕ್ಷೆ ಇರುತ್ತದಲ್ಲ ಅಂದೆ. ಅವರು ನಕ್ಕು ಟೀ ಲೋಟ ಕೆಳಗಿಟ್ಟರು.