ಪಗಾರದ ಮಾತುಕತೆ, ಮುಷ್ಕರದ ಮತ: ವಿಶ್ವವಿದ್ಯಾಲಯ ನೌಕರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಟ್ರಸ್ಟ್ ನಡೆಸುವ ಡೀಮ್ಡ್ ವಿಶ್ವವಿದ್ಯಾಲಯ. ಬೋಧಕೇತರ ಸಿಬ್ಬಂದಿ 240 ಮಂದಿ, ಅದರಲ್ಲಿ 170 ಮಂದಿ ನೋಂದಾಯಿತ ಸಂಘದ ಸದಸ್ಯರು. ಮೂರು ವರ್ಷದಿಂದ ಪಗಾರ ಏರಿಲ್ಲ. ಮೊನ್ನೆ ಸಭೆಯಲ್ಲಿ ಎಲ್ಲರೂ ಕೈ ಎತ್ತಿ ಮುಷ್ಕರಕ್ಕೆ ಒಪ್ಪಿದರು. ಬರುವ ಸೋಮವಾರದಿಂದಲೇ ಕೆಲಸ ನಿಲ್ಲಿಸಬಹುದೇನ್ರಿ?
— ಕಚೇರಿ ಸಹಾಯಕರು, ವಿಜಯಪುರ

ಉತ್ತರ: ನಿಲ್ಲಿಸಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಕಳೆಯುವ ತನಕ ಯಾವ ಮುಷ್ಕರವೂ ಅಕ್ರಮ. ಹಳೆಯ ಕಾಯ್ದೆಯಲ್ಲಿ ಈ ನಿರ್ಬಂಧ ನೀರು, ವಿದ್ಯುತ್‌ನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇತ್ತು, ಈಗ ಎಲ್ಲರಿಗೂ ಬಂದಿದೆ. ಜೂನ್ 1ಕ್ಕೆ ನೋಟಿಸ್ ಮುಟ್ಟಿಸಿದರೆ ಬೇಗ ಎಂದರೂ ಜೂನ್ 16ಕ್ಕೆ ಮುಷ್ಕರಕ್ಕೆ ಕೂಡಬಹುದು. ನೋಟಿಸಿನ ಆಯುಷ್ಯ 60 ದಿನ. ಜುಲೈ ದಾಟಿತೆಂದರೆ ಹೊಸ ನೋಟಿಸೇ ಬೇಕು. ನಡುವೆ ಕಾರ್ಮಿಕ ಇಲಾಖೆಯ ರಾಜಿ ಸಂಧಾನ ಅಧಿಕಾರಿ ಮೊದಲ ಸಭೆ ನಡೆಸಿದರೆ ಆ ದಿನದಿಂದ ಸಂಧಾನ ಶುರುವಾದಂತೆ. ಅದು ಮುಗಿದು ಏಳು ದಿನ ಕಳೆಯುವವರೆಗೂ ಮುಷ್ಕರಕ್ಕೆ ಇಳಿಯುವಂತಿಲ್ಲ. ಬಹಳ ಸಂಘಗಳು ಎಡವುವುದು ಇಲ್ಲೇ. ನೋಟಿಸಿನಲ್ಲಿ ಬರೆದ ತಾರೀಖು ಬಂತೆಂದು, ಸಂಧಾನ ನಡೆದಿರುವಾಗಲೇ ಗೇಟಿಗೆ ಹೋಗಿ ಕೂಡುತ್ತಾರೆ. ಅಕ್ರಮ ಮುಷ್ಕರಕ್ಕೆ ನೌಕರನೊಬ್ಬನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಆಗಬಹುದು.

ನೋಟಿಸನ್ನು ಕುಲಸಚಿವರ ಕೈಗೆ ಕೊಟ್ಟು ನಮಸ್ಕಾರ ಮಾಡಿ ಬಂದರೆ ಸಾಲದು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಹೋಗಲಿ. ಟ್ರಸ್ಟ್ ಕಡೆಯವರ ಮೊದಲ ತಕರಾರು "ನಮ್ಮದು ಸೇವಾ ಸಂಸ್ಥೆ, ಕೈಗಾರಿಕೆ ಅಲ್ಲ" ಎಂಬುದಾಗಿರುತ್ತದೆ. ಶಿಕ್ಷಣ ಸಂಸ್ಥೆಯೂ ಕೈಗಾರಿಕೆಯ ವ್ಯಾಖ್ಯೆಯೊಳಗೆ ಬರಬಲ್ಲದು ಎಂದು ಸುಪ್ರೀಂ ಕೋರ್ಟ್ 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಹೇಳಿತ್ತು. ಆದರೆ ಪೂರ್ತಿಯಾಗಿ ಅಥವಾ ಬಹುಪಾಲು ಧರ್ಮಾರ್ಥ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ಹೊಸ ಸಂಹಿತೆ ಹೊರಗಿಟ್ಟಿದೆ. ಆದ್ದರಿಂದ ಶುಲ್ಕದ ರಚನೆ, ಲೆಕ್ಕಪತ್ರದ ಪ್ರತಿಗಳನ್ನು ಈಗಲೇ ಕೂಡಿಸಿಟ್ಟು, ನೋಟಿಸಿಗೆ ಮೊದಲೇ ವಕೀಲರಿಗೆ ತೋರಿಸಿ.

ಇನ್ನು ಕೈ ಎತ್ತಿದ ವಿಷಯ. ಮುಷ್ಕರಕ್ಕೆ ಮೊದಲು ಮತದಾನ ನಡೆಸಲೇಬೇಕೆಂದು ನಮ್ಮ ಕಾಯ್ದೆ ಹೇಳುವುದಿಲ್ಲ. ನಿಮ್ಮ ಸಂಘದ ಬೈಲಾದಲ್ಲಿ ಇದೆಯೇ ನೋಡಿಕೊಳ್ಳಿ. ಇರಲಿ ಬಿಡಲಿ, ಗುಪ್ತ ಮತದಾನ ಮಾಡಿ ಎಂದೇ ನಮ್ಮ ಸಲಹೆ. ಪಕ್ಕದಲ್ಲಿ ಸೂಪರಿಂಟೆಂಡೆಂಟ್ ಕೂತಿರುವಾಗ, ಎದುರಿಗೆ ಗೆಳೆಯರು ನೋಡುತ್ತಿರುವಾಗ ಎತ್ತಿದ ಕೈ ಮುಷ್ಕರದ ಮೂರನೇ ದಿನ ನಿಮ್ಮ ಜೊತೆ ಇರುತ್ತದೆ ಎಂದು ಹೇಳಲಾಗದು.

ಮೊದಲು ಚಂದಾ ಪುಸ್ತಕ ನೋಡಿ ಮತದಾರರ ಪಟ್ಟಿ ಮಾಡಿ. ಏಳು ದಿನ ಫಲಕಕ್ಕೆ ಹಚ್ಚಿ, ಆಕ್ಷೇಪಣೆ ತೀರಿಸಿ, ಠರಾವಿನಲ್ಲಿ ಪಟ್ಟಿಯನ್ನು ಅಂತಿಮಗೊಳಿಸಿ. ಪದಾಧಿಕಾರಿಗಳಲ್ಲದ ಮೂವರನ್ನು ಮತ ಎಣಿಕೆಗೆ ನೇಮಿಸಿ. ಚೀಟಿಯ ಮೇಲೆ ಕ್ರಮಸಂಖ್ಯೆ ಬೇಡ. ಸಂಖ್ಯೆ, ಸಹಿ ಏನಿದ್ದರೂ ಹರಿದಿಟ್ಟುಕೊಳ್ಳುವ ಅಡಿಪತ್ರದ ಮೇಲಿರಲಿ. ಪ್ರಶ್ನೆ ಒಂದೇ ಇರಲಿ: "ಬೇಡಿಕೆ ಪಟ್ಟಿಯ ಮೇಲೆ ಒಪ್ಪಂದ ಆಗದಿದ್ದರೆ ಮುಷ್ಕರಕ್ಕೆ ಇಳಿಯಲು ಒಪ್ಪುತ್ತೀರಾ? ಹೌದು / ಇಲ್ಲ." "ಧರಣಿ ಅಥವಾ ಮುಷ್ಕರ" ಎಂದು ಎರಡನ್ನೂ ಒಂದೇ ಸಾಲಿಗೆ ತುರುಕಿದರೆ, ಧರಣಿಗಷ್ಟೇ ಹೌದೆಂದವರು ನಾಳೆ ಮುಷ್ಕರಕ್ಕೆ ಬರುವುದಿಲ್ಲ. ಖಾಲಿ ಪೆಟ್ಟಿಗೆಯನ್ನು ಎಲ್ಲರಿಗೂ ತೋರಿಸಿ ಅರಗಿನ ಮುದ್ರೆ ಹಾಕಿ. ಎಲ್ಲರೂ ಒಂದೇ ಬಣ್ಣದ ಪೆನ್ನು ಬಳಸಲಿ. ಹಾಸ್ಟೆಲ್, ಆಸ್ಪತ್ರೆ, ಪಂಪ್‌ಹೌಸ್‌ನ ರಾತ್ರಿ ಪಾಳಿಯವರಿಗೂ ಪೆಟ್ಟಿಗೆ ಸಿಗುವಂತೆ ಮೂರೂ ಪಾಳಿಗಳ ಹೊತ್ತು ತೆರೆದಿಡಿ. ಅವರನ್ನು ಬಿಟ್ಟು ಮಾಡಿದ ಮತದಾನ ಹಗಲು ಪಾಳಿಯವರದ್ದಷ್ಟೇ ಆಗುತ್ತದೆ.

ಎಣಿಸಿದ ಮೇಲೆ ಮೂರು ಲೆಕ್ಕ ತೆಗೆಯಿರಿ. 170ರಲ್ಲಿ 131 ಮಂದಿ ಮತ ಹಾಕಿದರು, ಹೌದು 102, ಇಲ್ಲ 24, ಅಸಿಂಧು 5 ಎಂದಿಟ್ಟುಕೊಳ್ಳಿ. ಮತ ಹಾಕಿದವರಲ್ಲಿ ಶೇ 78 ಹೌದು. ಸದಸ್ಯರಲ್ಲಿ ಶೇ 60. ಒಟ್ಟು 240 ಮಂದಿಯಲ್ಲಿ ಶೇ 42.5. ಕರಪತ್ರದಲ್ಲಿ ಮೊದಲ ಅಂಕಿ ಹಾಕುತ್ತಾರೆ, ಆಡಳಿತ ಮಂಡಳಿ ನೋಡುವುದು ಮೂರನೆಯದನ್ನು. ಹತ್ತರಲ್ಲಿ ನಾಲ್ವರಷ್ಟೇ ಹೊರಬಂದರೆ ಪರೀಕ್ಷಾ ವಿಭಾಗ ನಡೆದೇ ನಡೆಯುತ್ತದೆ. ಅಂಥ ಫಲಿತಾಂಶ ಬಂದರೆ ನೋಟಿಸ್ ಕೊಡಬೇಡಿ. ಮತ ಹಾಕದ 39 ಮಂದಿಯನ್ನೂ ಸಂಘಕ್ಕೆ ಸೇರದ 70 ಮಂದಿಯನ್ನೂ ವಿಭಾಗವಾರು ಕಂಡು ಮಾತಾಡಿ, ತಿಂಗಳು ಬಿಟ್ಟು ಮತ್ತೆ ಮತ ಕೇಳಿ. ತಡವಾಯಿತೆಂದು ಯಾರಾದರೂ ಬೈದರೂ ಪರವಾಗಿಲ್ಲ. ಮುಷ್ಕರ ಅರ್ಧಕ್ಕೆ ಮುರಿದರೆ ಮುಂದಿನ ಮೂರು ವರ್ಷದ ಮಾತುಕತೆಯೂ ಹೋಯಿತು.

ಪ್ರಶ್ನೆ: ಮಗಳು ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. 2023ರಲ್ಲಿ ಅಲ್ಲಿಯ ಉಪನ್ಯಾಸಕರ ಸಂಘದ ಮತದಾನದಲ್ಲಿ ಹೆಚ್ಚಿನವರು ಹೌದು ಅಂದರೂ ಮುಷ್ಕರ ನಡೆಯಲಿಲ್ಲ ಎನ್ನುತ್ತಾಳೆ. ಅದು ಹೆಂಗ್ರಿ?
— ಬೆಳಗಾವಿ

ಉತ್ತರ: ಅಲ್ಲಿ ಮತದಾನ ಕಾಯ್ದೆಯ ಕಡ್ಡಾಯ. ಆಗ ಚೀಟಿ ಅಂಚೆಯಲ್ಲಿ ಮನೆಗೆ ಬರುತ್ತಿತ್ತು, ಅಂಚೆಯಲ್ಲೇ ಮರಳಬೇಕಿತ್ತು. 2016ರ ಕಾಯ್ದೆ ಇನ್ನೊಂದು ಷರತ್ತು ಸೇರಿಸಿತು: ಅರ್ಹ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮತ ಹಾಕಿರಬೇಕು. ಉಪನ್ಯಾಸಕರ ಸಂಘವಾದ ಯುಸಿಯು 2022ರಲ್ಲಿ ದೇಶಾದ್ಯಂತ ಒಂದೇ ಮತದಾನ ನಡೆಸಿದಾಗ ಸುಮಾರು ಶೇ 58 ಮಂದಿ ಮತ ಹಾಕಿದರು, ಪಗಾರದ ಪ್ರಶ್ನೆಗೆ ಅವರಲ್ಲಿ ಶೇ 81 ಹೌದು ಎಂದರು. 2023ರ ಕೊನೆಗೆ ಹೌದು ಎಂದವರು ಶೇ 68, ಆದರೆ ಮತ ಹಾಕಿದ್ದು ಶೇ 43ಕ್ಕೂ ಕಡಿಮೆ. ಮತ ಬಿತ್ತು, ಅಧಿಕಾರ ಸಿಗಲಿಲ್ಲ. ಆ ಕಾಯ್ದೆ ಸಂಘಗಳ ಕೈ ಕಟ್ಟಲೆಂದೇ ಬಂದದ್ದು, ಅದನ್ನು ಇಲ್ಲಿಗೆ ತನ್ನಿ ಎಂದು ನಾವು ಹೇಳುವುದಿಲ್ಲ. ಆದರೆ ಅರ್ಧ ಜನ ಮತ ಹಾಕಿದರೋ ಇಲ್ಲವೋ ಎಂಬ ಅಳತೆಯನ್ನು ಸಂಘವೇ ತನಗೆ ತಾನು ಹಾಕಿಕೊಂಡರೆ ಒಳ್ಳೆಯದು.

ಪ್ರಶ್ನೆ: ಬೇಸಿಕ್‌ನಲ್ಲಿ 2,500 ಏರಿಸಿ ಎಂದು ನಾವು ಕೇಳಿದೆವು. ಆಡಳಿತದವರು ಮನೆಬಾಡಿಗೆ ಭತ್ಯೆಯಲ್ಲಿ 3,000 ಕೊಡುತ್ತೇವೆ ಎನ್ನುತ್ತಾರೆ. ಐನೂರು ಹೆಚ್ಚೇ ಬರುತ್ತದಲ್ಲ, ಸಹಿ ಹಾಕೋಣವೇ?
— ಗ್ರಂಥಾಲಯ ಸಿಬ್ಬಂದಿ, ಬಾಗಲಕೋಟೆ

ಉತ್ತರ: ಒಂದು ಹಾಳೆ ತೆಗೆದುಕೊಳ್ಳಿ. ಬೇಸಿಕ್ 20,000, ತುಟ್ಟಿಭತ್ಯೆ ಶೇ 40 ಎಂದು ಹಿಡಿಯೋಣ. ಬೇಸಿಕ್‌ಗೆ 2,500 ಸೇರಿದರೆ ಅದರ ಮೇಲೆ ತುಟ್ಟಿಭತ್ಯೆ 1,000, ಒಟ್ಟು 3,500. ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟುವ ಸಂಸ್ಥೆಯಾದರೆ ಶೇ 12ರಂತೆ 420 ನಿಮ್ಮಿಂದ ಮುರಿಯುತ್ತದೆ, ಕೈಗೆ 3,080 ಬರುತ್ತದೆ. ಅಲ್ಲಿಗೇ ಅವರ 3,000ಕ್ಕಿಂತ 80 ಹೆಚ್ಚಾಯಿತು. ಮುರಿದ 420 ನಿಮ್ಮದೇ ಹಣ, ಸಂಸ್ಥೆಯೂ ಅಷ್ಟೇ ಹಾಕಬೇಕು. ಗ್ರಾಚ್ಯುಟಿಗೆ ಸೇವೆಯ ಪ್ರತಿ ವರ್ಷಕ್ಕೂ 26ರಲ್ಲಿ 15 ಭಾಗ ಲೆಕ್ಕ, 3,500ಕ್ಕೆ ಅದು ಸುಮಾರು 2,019. ಇಪ್ಪತ್ತು ವರ್ಷದ ಸೇವೆಗೆ 40,385 ರೂಪಾಯಿ. ಮನೆಬಾಡಿಗೆ ಭತ್ಯೆಯಲ್ಲಿ ಕೊಟ್ಟರೆ ಇದ್ಯಾವುದೂ ಬೆಳೆಯುವುದಿಲ್ಲ. ಮನೆಬಾಡಿಗೆಯಂಥ ಭತ್ಯೆಗಳೆಲ್ಲ ಕೂಡಿ ಒಟ್ಟು ಪಗಾರದ ಅರ್ಧ ಮೀರಿದರೆ ಮಾತ್ರ, ಮೀರಿದಷ್ಟನ್ನು ವೇತನವೆಂದು ಎಣಿಸಬೇಕೆಂದು ಹೊಸ ವೇತನ ಸಂಹಿತೆ ಹೇಳುತ್ತದೆ.

ಸಹಿಗೆ ಮೊದಲು ಇನ್ನೆರಡು ಸಾಲು ಓದಿ. ಯಾವ ತಾರೀಖಿನಿಂದ ಅನ್ವಯ, ಬಾಕಿ ಎಷ್ಟು ಕಂತಿನಲ್ಲಿ ಎಂಬುದು ಅಂಕಿಯಲ್ಲಿರಬೇಕು. "ಶೀಘ್ರದಲ್ಲೇ" ಎಂಬ ಪದ ಕಂಡರೆ ಹೊಡೆದುಹಾಕಿಸಿ. ಇನ್ನೊಂದು, ಒಪ್ಪಂದದ ಅವಧಿ. ಅದು ಜಾರಿಯಲ್ಲಿರುವಷ್ಟು ದಿನ ಅದರಲ್ಲಿರುವ ವಿಷಯಗಳಿಗೆ ಮುಷ್ಕರ ಮಾಡುವಂತಿಲ್ಲ. ಐದು ವರ್ಷಕ್ಕೆ ಒಪ್ಪುವುದಾದರೆ ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗಬೇಕೆಂದು ಬರೆಸಿಕೊಂಡೇ ಒಪ್ಪಿ.

ಪ್ರಶ್ನೆ: ಇಂಥ ಮತದಾನದಲ್ಲಿ ಉಪನ್ಯಾಸಕರೂ ಸೇರಬಹುದೇ?
— ಜಮಖಂಡಿ

ಉತ್ತರ: ಒಂದೇ ಪೆಟ್ಟಿಗೆಯಲ್ಲಿ ಬೇಡ. ಬೋಧಕರು 'ಕಾರ್ಮಿಕ' ವ್ಯಾಖ್ಯೆಗೆ ಬರುವುದಿಲ್ಲವೆಂದು ಸುಂದರಾಂಬಾಳ್ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅವರ ಮತ ಸೇರಿಸಿ ಎಣಿಸಿದರೆ ನಿಮ್ಮ ಇಡೀ ಲೆಕ್ಕವನ್ನೇ ಪ್ರಶ್ನಿಸುತ್ತಾರೆ. ಬೋಧಕರ ಸಂಘ ಬೇರೆ ಠರಾವು ಮಾಡಿ ಬೆಂಬಲ ಪತ್ರ ಕೊಡಲಿ. ಸರ್ಕಾರಿ ನೌಕರರಿಗೆ ಮುಷ್ಕರ ಮೂಲಭೂತ ಹಕ್ಕಲ್ಲವೆಂದು 2003ರಲ್ಲಿ ತೀರ್ಪು ಬಂದಿದೆ, ರಾಜ್ಯ ವಿಶ್ವವಿದ್ಯಾಲಯದ ಕಾಯಂ ನೌಕರರು ತಮ್ಮ ನಡತೆ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಆದರೂ ಸಂಘಟನೆಗೆ ಬಲವಿದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ ದಿನವೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು.

ಪ್ರಶ್ನೆ: ಡಿಸೆಂಬರ್ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಬಳಿ ಪ್ರತಿಭಟನೆಗೆ ಹೋಗಬೇಕೆಂದಿದ್ದೇವೆ. ಎಲ್ಲರೂ ಒಂದು ದಿನ ಸಾಂದರ್ಭಿಕ ರಜೆ ಹಾಕಿದರೆ ಅದು ಮುಷ್ಕರ ಅಲ್ಲವಲ್ಲ?
— ಖಾಸಗಿ ವಿಶ್ವವಿದ್ಯಾಲಯದ ಪ್ರಯೋಗಾಲಯ ಸಹಾಯಕರು, ಬೆಳಗಾವಿ

ಉತ್ತರ: ಈಗ ಅದೂ ಮುಷ್ಕರವೇ. ಒಂದೇ ದಿನ ಶೇ 50 ಅಥವಾ ಹೆಚ್ಚು ನೌಕರರು ಒಟ್ಟಾಗಿ ರಜೆ ಹಾಕಿದರೆ ಸಂಹಿತೆ ಅದನ್ನು ಮುಷ್ಕರ ಎನ್ನುತ್ತದೆ, 14 ದಿನದ ನೋಟಿಸ್ ಇಲ್ಲದಿದ್ದರೆ ಅಕ್ರಮ. ಕಡಿಮೆ ಮಂದಿ ಹೋದರೂ ರಜೆ ಮಂಜೂರಾಗಿರಲಿ. ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ, ಮುನ್ಸೂಚನೆಯಿಲ್ಲದೆ, ಸಕಾರಣವಿಲ್ಲದೆ ಗೈರಾದರೆ, ಆ ದಿನದ ಪಗಾರದ ಜೊತೆಗೆ ನೇಮಕಾತಿ ಷರತ್ತಿಗೆ ಅನುಸಾರ ಎಂಟು ದಿನದ ಪಗಾರದವರೆಗೂ ಮುರಿಯಲು ವೇತನ ಸಂಹಿತೆ ಮಾಲೀಕರಿಗೆ ಅವಕಾಶ ಕೊಟ್ಟಿದೆ. ಪ್ರತಿ ವಿಭಾಗದಿಂದ ಇಬ್ಬರಂತೆ ಆರಿಸಿ, ಅರ್ಜಿಗಳನ್ನು ವಾರ ಮೊದಲೇ ಕೊಟ್ಟು, ಮಂಜೂರಾದ ಪ್ರತಿ ಕೈಯಲ್ಲಿಟ್ಟುಕೊಂಡೇ ಹೊರಡಿ. ಉಳಿದವರು ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಲಿ.